ಥಾಮಸ್ ಯಂಗ್: ಬಾಗುವ ಉಕ್ಕಿಗೆ ಹೆಸರು ಕೊಟ್ಟ ವೈದ್ಯ

ಪ್ರಥಮ ಪಿಯುಸಿಯಲ್ಲಿ ಘನವಸ್ತುಗಳ ಯಾಂತ್ರಿಕ ಗುಣಗಳ ಪಾಠ ನಡೆಯುವ ವಾರದಲ್ಲಿ ಯಂಗ್ಸ್ ಮಾಡ್ಯುಲಸ್ ಎಂಬ ಮಾತು ನಮ್ಮ ವಿಜ್ಞಾನ ವಿಭಾಗದ ಕೊಠಡಿಗಳಲ್ಲಿ ಎಷ್ಟು ಸಲ ಕೇಳಿಬರುತ್ತದೋ ಲೆಕ್ಕವಿಲ್ಲ. ಯಂಗ್ ಎಂದರೆ ಎಳೆಯದು ಎಂದುಕೊಂಡು, ಹಳೆಯ ಕಬ್ಬಿಣಕ್ಕೆ ಬೇರೆ ಮಾಡ್ಯುಲಸ್ ಇದೆಯೇ ಸರ್ ಎಂದು ಕೇಳುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ನಾನು ನಗುವುದಿಲ್ಲ. ಮನುಷ್ಯನನ್ನು ಪರಿಚಯಿಸದೆ ಸೂತ್ರವನ್ನು ಮಾತ್ರ ಕೈಗೆ ಕೊಟ್ಟರೆ ಹೀಗೇ ಆಗುವುದು. ದ್ವಿತೀಯ ಪಿಯುಸಿಗೆ ಬಂದ ಮೇಲೆ ಬೆಳಕಿನ ಪಾಠದಲ್ಲಿ, ಎರಡು ಸೀಳುಗಳ ಪ್ರಯೋಗದ ಜೊತೆ, ಮತ್ತೊಮ್ಮೆ ಯಂಗ್ ಬರುತ್ತಾರೆ. ಅವರೇ ಇವರು ಎಂದರೆ ಹಲವರು ನಂಬುವುದಿಲ್ಲ. ಈ ಸಂಚಿಕೆಗೆ ಯಾವುದಾದರೂ ವಿಜ್ಞಾನಿಯ ಬದುಕಿನ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಕೇಳಿದಾಗ ನಾನು ಇವರನ್ನೇ ಆರಿಸಿಕೊಂಡೆ. ಬೆಳಕಿನ ಯಂಗ್ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನನಗೆ ಬೇಕಾದವರು ಲೋಹದ ಪಟ್ಟಿ ಎಷ್ಟು ಬಾಗುತ್ತದೆ ಎಂದು ಯೋಚಿಸಿದ ಯಂಗ್.

ಥಾಮಸ್ ಯಂಗ್ ಹುಟ್ಟಿದ್ದು 1773ರ ಜೂನ್ 13ರಂದು, ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತ್ಯದ ಮಿಲ್ವರ್ಟನ್ ಎಂಬ ಊರಿನಲ್ಲಿ. ಹತ್ತು ಮಕ್ಕಳಲ್ಲಿ ಹಿರಿಯ. ಮನೆಯವರು ಕ್ವೇಕರ್ ಪಂಥದವರು; ಆಡಂಬರ, ಸಂಗೀತ, ನೃತ್ಯ ಯಾವುದೂ ಅಲ್ಲಿ ನಡೆಯುತ್ತಿರಲಿಲ್ಲ. ಬಾಲ್ಯದ ಬಹುಭಾಗ ತಾಯಿಯ ತಂದೆಯ ಮನೆಯಲ್ಲಿ ಕಳೆಯಿತು. ಎರಡು ವರ್ಷಕ್ಕೇ ಸರಾಗವಾಗಿ ಓದುತ್ತಿದ್ದ ಹುಡುಗ ಎಂದು ಅವರ ಜೀವನ ಬರೆದವರೆಲ್ಲರೂ ಹೇಳುತ್ತಾರೆ. ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಡಾರ್ಸೆಟ್‌ನ ಶಾಲೆಯೊಂದರಲ್ಲಿ ಓದುವಾಗ ಅಲ್ಲಿನ ಸಹಾಯಕ ಅಧ್ಯಾಪಕರೊಬ್ಬರು ಈ ಹುಡುಗನಿಗೆ ಪುಸ್ತಕಗಳ ಜೊತೆಗೆ ಲೇತ್ ಮೇಲೆ ಕೆಲಸ ಮಾಡುವುದನ್ನೂ ದೂರದರ್ಶಕ ತಯಾರಿಸುವುದನ್ನೂ ಕಲಿಸಿದರು. ಮುಂದೆ ಉಕ್ಕಿನ ಬಗ್ಗೆ ಬರೆದವರು ಉಕ್ಕನ್ನು ಕೈಯಲ್ಲಿ ಹಿಡಿದು, ಕಡೆದು, ಅದರ ಹಟ ಎಂಥದ್ದೆಂದು ಬೆರಳಿನಿಂದಲೇ ತಿಳಿದಿದ್ದವರು.

ಹದಿನಾಲ್ಕರ ಆಸುಪಾಸಿನಲ್ಲಿ ಅವರಿಗೆ ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಟಾಲಿಯನ್, ಹೀಬ್ರೂ ಪರಿಚಯವಾಗಿತ್ತು. ಅರಬಿ, ಫಾರಸಿ, ಸಿರಿಯಾಕ್, ತುರ್ಕಿ ಭಾಷೆಗಳನ್ನೂ ಕಲಿಯತೊಡಗಿದ್ದರು. ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಮದರಸದಲ್ಲಿ ಅರಬಿ, ತರಗತಿಯಲ್ಲಿ ಕನ್ನಡ, ಲ್ಯಾಬ್ ರೆಕಾರ್ಡಿನಲ್ಲಿ ಇಂಗ್ಲಿಷ್ ಎಂದು ದಿನಾಲೂ ನಾಲ್ಕು ದಡ ಮುಟ್ಟುವ ನಮ್ಮ ಮಕ್ಕಳಿಗೆ ಇದು ಅಷ್ಟು ವಿಚಿತ್ರವೆನಿಸಲಾರದು. ವ್ಯತ್ಯಾಸವೆಂದರೆ ಅವರಿಗೆ ಯಾರೂ ಹೇಳಿಕೊಡಲಿಲ್ಲ, ಹೆಚ್ಚಿನದನ್ನು ತಾವೇ ಓದಿ ಕಲಿತರು.

ಉದ್ಯೋಗಕ್ಕೆ ಆರಿಸಿಕೊಂಡದ್ದು ವೈದ್ಯಕೀಯ. ಲಂಡನ್, ಎಡಿನ್‌ಬರೋ, ಜರ್ಮನಿಯ ಗ್ಯೋಟಿಂಗನ್, ಕೇಂಬ್ರಿಜ್ ಎಂದು ನಾಲ್ಕು ಕಡೆ ಓದಿದರು. 1796ರಲ್ಲಿ ಗ್ಯೋಟಿಂಗನ್‌ನಲ್ಲಿ ವೈದ್ಯ ಪದವಿ ಸಿಕ್ಕಿತು. ಎಡಿನ್‌ಬರೋದಲ್ಲಿದ್ದಾಗಲೇ ಕ್ವೇಕರ್ ಕಟ್ಟುಪಾಡುಗಳನ್ನು ಬಿಟ್ಟು ಕೊಳಲು ಹಿಡಿದರು, ನೃತ್ಯ ಕಲಿತರು. ಈ ಸಂಗೀತವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕಣ್ಣು ಹತ್ತಿರದ ಮತ್ತು ದೂರದ ವಸ್ತುಗಳಿಗೆ ಹೇಗೆ ಹೊಂದಿಕೊಳ್ಳುತ್ತದೆ ಎಂಬ ಪ್ರಬಂಧ 1793ರಲ್ಲಿ ಬಂತು, ಮರುವರ್ಷ 21ನೇ ವಯಸ್ಸಿಗೇ ರಾಯಲ್ ಸೊಸೈಟಿಯ ಫೆಲೋ ಆದರು. 1797ರಲ್ಲಿ ತೀರಿಕೊಂಡ ಅಜ್ಜನ ಪೀಳಿಗೆಯ ಬಂಧು, ಲಂಡನ್ನಿನ ವೈದ್ಯ ರಿಚರ್ಡ್ ಬ್ರಾಕಲ್ಸ್‌ಬಿ, ಇವರ ಹೆಸರಿಗೆ ಮನೆಯನ್ನೂ 10,000 ಪೌಂಡ್ ಹಣವನ್ನೂ ಬರೆದಿಟ್ಟಿದ್ದರು. ಹೀಗಾಗಿ ರೋಗಿಗಳು ಬಂದರೂ ಬಾರದಿದ್ದರೂ ಊಟಕ್ಕೆ ತೊಂದರೆಯಿರಲಿಲ್ಲ. ರೋಗಿಗಳು ಹೆಚ್ಚು ಬರಲೂ ಇಲ್ಲ ಎನ್ನುತ್ತಾರೆ.

1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅವರನ್ನು ಭೌತವಿಜ್ಞಾನದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಆಗಿನ್ನೂ ಅದು ಎರಡು ವರ್ಷದ ಹೊಸ ಸಂಸ್ಥೆ. ವಿಜ್ಞಾನವನ್ನು ಸಾರ್ವಜನಿಕರಿಗೆ ತಿಳಿಸಬೇಕು ಎಂಬುದು ಉದ್ದೇಶ. ಅಲ್ಲಿ ಯಂಗ್ ಎರಡು ವರ್ಷದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಚಲನೆ, ನೀರು, ಶಬ್ದ, ಬೆಳಕು, ಖಗೋಳ, ಕಟ್ಟಡ, ಯಂತ್ರ ಎಲ್ಲವೂ ಬಂದವು. ಅದೇ ವೇದಿಕೆಯಲ್ಲಿ ರಸಾಯನಶಾಸ್ತ್ರದ ಹಂಫ್ರಿ ಡೇವಿ ಮಾತಾಡಿದರೆ ಜನ ಕಿಕ್ಕಿರಿಯುತ್ತಿದ್ದರು. ಯಂಗ್ ಮಾತಾಡಿದರೆ ಸಭಿಕರು ತಲೆ ಕೆರೆದುಕೊಳ್ಳುತ್ತಿದ್ದರು. ವಿಷಯ ತುಂಬಿ ತುಳುಕುತ್ತಿತ್ತು, ಬಿಡಿಸಿ ಹೇಳುವ ತಾಳ್ಮೆ ಇರಲಿಲ್ಲ. 1803ರಲ್ಲಿ ಹುದ್ದೆ ಬಿಟ್ಟರು. ಆ ಉಪನ್ಯಾಸಗಳೇ 1807ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಅಚ್ಚಾದವು. ನಾವು ಇವತ್ತು ಬಳಸುವ ಅರ್ಥದಲ್ಲಿ ಎನರ್ಜಿ ಎಂಬ ಪದ ಬಂದದ್ದು ಆ ಪುಸ್ತಕದಲ್ಲಿ. ಮಾಡ್ಯುಲಸ್ ಬಂದದ್ದೂ ಅಲ್ಲೇ.

ಯಂಗ್ ಕೈಗೆತ್ತಿಕೊಳ್ಳುವಾಗ ಈ ಪ್ರಶ್ನೆಗೆ ಆಗಲೇ ನೂರೈವತ್ತು ವರ್ಷಕ್ಕೂ ಹೆಚ್ಚು ವಯಸ್ಸಾಗಿತ್ತು. ಒಂದು ತುದಿಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ತುದಿಯನ್ನು ಗಾಳಿಯಲ್ಲಿ ಬಿಟ್ಟ ಪಟ್ಟಿಗೆ ಕ್ಯಾಂಟಿಲಿವರ್ ಎನ್ನುತ್ತೇವೆ. ನಿಮ್ಮ ಮನೆಯ ಕಿಟಕಿಯ ಮೇಲಿನ ಸಜ್ಜಾ, ಮುಂದಕ್ಕೆ ಚಾಚಿದ ಬಾಲ್ಕನಿ ಇವೆಲ್ಲ ಕ್ಯಾಂಟಿಲಿವರ್‌ಗಳೇ. ಬಿಟ್ಟ ತುದಿಗೆ ಭಾರ ತೂಗಿಸಿದರೆ ಏನಾಗುತ್ತದೆ? ಮೊದಲು ಕೇಳಿದವರು ಗೆಲಿಲಿಯೋ. ಗೃಹಬಂಧನದಲ್ಲಿದ್ದಾಗ ಬರೆದು ಮುಗಿಸಿದ, 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾದ ಪುಸ್ತಕದಲ್ಲಿ ಒಂದು ಚಿತ್ರವಿದೆ: ಹಾಳುಬಿದ್ದ ಗೋಡೆ, ಅದರಿಂದ ಹೊರಚಾಚಿದ ಮರದ ತೊಲೆ, ತುದಿಯಲ್ಲಿ ಕೊಕ್ಕೆಗೆ ತೂಗಿದ ಕಲ್ಲು. ಆದರೆ ಗೆಲಿಲಿಯೋಗೆ ಬೇಕಾಗಿದ್ದದ್ದು ತೊಲೆ ಎಷ್ಟು ಭಾರಕ್ಕೆ ಮುರಿಯುತ್ತದೆ ಎಂಬುದು. ಮುರಿಯುವ ಮೊದಲು ಎಷ್ಟು ಬಾಗುತ್ತದೆ ಎಂಬುದಲ್ಲ.

1678ರಲ್ಲಿ ರಾಬರ್ಟ್ ಹುಕ್ ಹಿಗ್ಗುವಿಕೆ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂದು ಪ್ರಕಟಿಸಿದರು. ಬಾಗಿದ ಪಟ್ಟಿಯ ಹೊರಬದಿ ಹಿಗ್ಗುತ್ತದೆ, ಒಳಬದಿ ಕುಗ್ಗುತ್ತದೆ ಎಂಬುದನ್ನೂ ಅವರು ಗುರುತಿಸಿದ್ದರು. ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಸಜ್ಜಾದ ಮೇಲ್ಬದಿಯೇ ಹಿಗ್ಗುವ ಬದಿ. ಕಾಂಕ್ರೀಟು ಒತ್ತಡವನ್ನು ತಡೆಯುತ್ತದೆ, ಎಳೆತವನ್ನು ತಡೆಯಲಾರದು. ಆದ್ದರಿಂದ ಬಾಲ್ಕನಿಯ ಮುಖ್ಯ ಕಬ್ಬಿಣದ ಸರಳುಗಳನ್ನು ಮೇಲ್ಬದಿಗೆ ಹತ್ತಿರ ಕಟ್ಟುತ್ತಾರೆ. ಕಾಂಕ್ರೀಟು ಹಾಕುವಾಗ ಯಾರಾದರೂ ತುಳಿದು ಸರಳು ಕೆಳಕ್ಕೆ ಕೂತರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಆದರೆ ಆಧಾರ ತೆಗೆದ ದಿನ ಗೊತ್ತಾಗುತ್ತದೆ. ನಿಮ್ಮಲ್ಲಿ ಹಲವರ ತಂದೆ, ಮಾಮ, ಅಣ್ಣಂದಿರು ಊರಿನಲ್ಲೂ ಗಲ್ಫಿನಲ್ಲೂ ಕಟ್ಟಡ ಕೆಲಸದಲ್ಲಿದ್ದಾರೆ. ಕೇಳಿ ನೋಡಿ, ನನಗಿಂತ ಚೆನ್ನಾಗಿ ವಿವರಿಸುತ್ತಾರೆ.

ಹುಕ್ ನಂತರ ಗಣಿತಜ್ಞರು ಬಂದರು. ಲಿಯೊನಾರ್ಡ್ ಆಯ್ಲರ್ 1744ರಲ್ಲಿ ಬಾಗಿದ ಪಟ್ಟಿಯ ಆಕಾರಗಳನ್ನು ಲೆಕ್ಕಹಾಕಿ, ತುದಿಯಲ್ಲಿ ಭಾರವಿರುವ ಕ್ಯಾಂಟಿಲಿವರ್ ಎಷ್ಟು ಇಳಿಯುತ್ತದೆ ಎಂಬ ಸೂತ್ರವನ್ನೂ ಕೊಟ್ಟರು. ಪಟ್ಟಿಯ ಬಿಗುವನ್ನು ಲೆಕ್ಕದಿಂದ ತಿಳಿಯಲಾಗದು, ಹೀಗೆ ತುದಿಗೆ ಭಾರ ಕಟ್ಟಿ ಇಳಿತ ಅಳೆದು ಪ್ರಯೋಗದಿಂದಲೇ ತಿಳಿಯಬೇಕು ಎಂದು ದಾರಿಯನ್ನೂ ತೋರಿಸಿದರು. ಆದರೆ ಬಿಗುವು ದಪ್ಪದ ವರ್ಗಕ್ಕೆ ಅನುಪಾತ ಎಂದು ಅಲ್ಲಿ ಬರೆದರು. ನಿಜದಲ್ಲಿ ಅದು ದಪ್ಪದ ಘನಕ್ಕೆ ಅನುಪಾತ. ಆಯ್ಲರ್ ಅವರಂಥ ಆಯ್ಲರ್ ತಪ್ಪಿದ ಜಾಗವಿದು ಎಂದು ಹೇಳುವಾಗ ನನ್ನ ವಿದ್ಯಾರ್ಥಿಗಳ ಮುಖದಲ್ಲಿ ಒಂದು ಸಮಾಧಾನ ಕಾಣುತ್ತದೆ! ಹಿಗ್ಗುವ ಬದಿಗೂ ಕುಗ್ಗುವ ಬದಿಗೂ ಬಲದ ಲೆಕ್ಕವನ್ನು ಸರಿಯಾಗಿ ಸರಿದೂಗಿಸಿ ತೋರಿಸಿದವರು ಫ್ರಾನ್ಸಿನ ಕೂಲಂಬ್. ವಿದ್ಯುತ್ ಆವೇಶದ ಪಾಠದಲ್ಲಿ ಬರುವ ಅದೇ ಕೂಲಂಬ್. ಆ ಪ್ರಬಂಧವನ್ನು ಅವರು ಪ್ಯಾರಿಸ್ ಅಕಾಡೆಮಿಯ ಮುಂದೆ ಇಟ್ಟದ್ದು 1773ರಲ್ಲಿ, ಯಂಗ್ ಹುಟ್ಟಿದ ವರ್ಷ.

ಎಲ್ಲರೂ ಹೀಗೆ ಒಂದೊಂದು ತುಂಡು ಕೊಟ್ಟಿದ್ದರು. ಕೊರತೆಯಿದ್ದದ್ದು ಒಂದು ಸಂಖ್ಯೆ. ಪಟ್ಟಿ ಉದ್ದವಿರಲಿ ಗಿಡ್ಡವಿರಲಿ, ಉಕ್ಕು ಎಂದರೆ ಇಷ್ಟು, ಹಿತ್ತಾಳೆ ಎಂದರೆ ಇಷ್ಟು ಎಂದು ವಸ್ತುವಿಗೇ ಅಂಟಿಕೊಂಡ ಸಂಖ್ಯೆ. ಇಟಲಿಯ ಜೋರ್ದಾನೊ ರಿಕಾಟಿ 1782ರಲ್ಲೇ ಉಕ್ಕು, ಹಿತ್ತಾಳೆಗಳನ್ನು ಕಂಪನದ ಮೂಲಕ ಹೋಲಿಸಿ ಇದರ ಹತ್ತಿರ ಬಂದಿದ್ದರು. ಆದ್ದರಿಂದ ಯಂಗ್ ಮೊದಲಿಗರು ಎಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಮಾಡ್ಯುಲಸ್ ಎಂದು ಹೆಸರಿಟ್ಟು, ಕಲ್ಲು, ಮರ, ಲೋಹ ಎಲ್ಲಕ್ಕೂ ಒಂದೇ ಅಳತೆಗೋಲು ಎಂದು ಕಂಡು, ಇಡೀ ವಿಷಯವನ್ನು ಎಂಜಿನಿಯರುಗಳ ಮುಂದೆ ಇಟ್ಟವರು ಅವರು.

ಅದನ್ನು ಅವರು ಅಳೆದ ರೀತಿಯೇ ನನಗೆ ಅತ್ಯಂತ ಇಷ್ಟವಾದ ಭಾಗ. ಉಕ್ಕಿನ ಪಟ್ಟಿಗೆ ಭಾರ ಕಟ್ಟಿ ಮಿಲಿಮೀಟರ್ ಎಣಿಸುವ ಬದಲು ಯಂಗ್ ಟ್ಯೂನಿಂಗ್ ಫೋರ್ಕ್ ತೆಗೆದುಕೊಂಡರು. ನಮ್ಮ ಪ್ರಯೋಗಾಲಯದಲ್ಲಿ ರಬ್ಬರ್ ಪ್ಯಾಡಿಗೆ ಬಡಿದು ಅನುರಣನ ನಳಿಕೆಯ ಬಾಯಿಗೆ ಹಿಡಿಯುತ್ತೀರಲ್ಲ, ಅದೇ. ಅದರ ಒಂದು ಕವಲನ್ನು ಗಮನಿಸಿ ನೋಡಿ: ಬುಡ ಗಟ್ಟಿ, ತುದಿ ಸ್ವತಂತ್ರ. ಅದೊಂದು ಪುಟ್ಟ ಕ್ಯಾಂಟಿಲಿವರ್. ಬಡಿದಾಗ ಬಾಗುತ್ತದೆ, ಉಕ್ಕಿನ ಬಿಗುವು ಅದನ್ನು ವಾಪಸು ಎಳೆಯುತ್ತದೆ, ವೇಗದಲ್ಲಿ ಆಚೆ ಬದಿಗೆ ದಾಟುತ್ತದೆ, ಮತ್ತೆ ವಾಪಸು. ಉಕ್ಕು ಎಷ್ಟು ಬಿಗಿಯೋ ಅಷ್ಟು ಬೇಗ ಮರಳುತ್ತದೆ, ಸ್ವರ ಅಷ್ಟು ಮೇಲಿರುತ್ತದೆ. ಅಂದರೆ ಭಾರ ತೂಗಿಸಿದಾಗ ಪಟ್ಟಿ ಎಷ್ಟು ಇಳಿಯುತ್ತದೆ ಎಂಬ ವಿಷಯ ಸ್ವರದೊಳಗೇ ಅಡಗಿದೆ. ಕವಲಿನ ಉದ್ದ, ದಪ್ಪ, ಉಕ್ಕಿನ ಸಾಂದ್ರತೆ ಮತ್ತು ಸೆಕೆಂಡಿಗೆ ಎಷ್ಟು ಕಂಪನ ಎಂಬುದು ತಿಳಿದರೆ ಮಾಡ್ಯುಲಸ್ ಲೆಕ್ಕದಿಂದ ಬರುತ್ತದೆ.

ಕೊಳಲು ನುಡಿಸಿದ ಕಿವಿ ಇಲ್ಲಿ ಕೆಲಸಕ್ಕೆ ಬಂತು ಎಂದು ನಾನು ಊಹಿಸುತ್ತೇನೆ. ಶಬ್ದದ ಬಗ್ಗೆ ಅವರು 1800ರಲ್ಲೇ ಪ್ರಬಂಧ ಬರೆದಿದ್ದರು. ಅವರಿಗೆ ಸಿಕ್ಕ ಬೆಲೆ ಚದರ ಇಂಚಿಗೆ ಸುಮಾರು 2 ಕೋಟಿ 90 ಲಕ್ಷ ಪೌಂಡ್. ಇದನ್ನು ನಮ್ಮ ಏಕಮಾನಕ್ಕೆ ಬದಲಿಸಿ: 2 × 10¹¹ ಪ್ಯಾಸ್ಕಲ್. ನಿಮ್ಮ ಪಠ್ಯಪುಸ್ತಕದ ಕೋಷ್ಟಕದಲ್ಲಿ ಉಕ್ಕಿನ ಎದುರಿಗೆ ಇವತ್ತೂ ಇರುವ ಸಂಖ್ಯೆ ಇದೇ. ಎರಡು ಶತಮಾನ ಕಳೆದು, ಎಷ್ಟೋ ಯಂತ್ರಗಳು ಬಂದ ಮೇಲೂ ಒಬ್ಬ ವೈದ್ಯರು ಫೋರ್ಕ್ ಬಡಿದು ಕಂಡದ್ದು ಬದಲಾಗಿಲ್ಲ.

ಕಂಪನದ ದಾರಿ ಬೇಡ, ಭಾರ ಕಟ್ಟಿಯೇ ನೋಡುತ್ತೇವೆ ಎನ್ನುವವರಿಗೂ ನಮ್ಮ ಪ್ರಯೋಗಾಲಯದಲ್ಲಿ ಸಾಮಾನು ಇದೆ. ಕಳೆದ ವರ್ಷ ದ್ವಿತೀಯ ಪಿಯುಸಿಯ ಕೆಲವು ವಿದ್ಯಾರ್ಥಿಗಳೊಂದಿಗೆ ಇದನ್ನು ಮಾಡಿ ನೋಡಿದೆ. ಒಂದು ಉಕ್ಕಿನ ಸ್ಕೇಲು. ಅಗಲ 25 ಮಿ.ಮೀ., ಸ್ಕ್ರೂ ಗೇಜಿನಲ್ಲಿ ಅಳೆದ ದಪ್ಪ 1 ಮಿ.ಮೀ. ಮೇಜಿನ ಅಂಚಿಗೆ ಸಿ ಕ್ಲ್ಯಾಂಪಿನಿಂದ ಬಿಗಿದು 25 ಸೆಂ.ಮೀ. ಹೊರಚಾಚಿದೆವು. ತುದಿಗೆ ಗುಂಡುಸೂಜಿ ಅಂಟಿಸಿ, ಪಕ್ಕದಲ್ಲಿ ಇನ್ನೊಂದು ಸ್ಕೇಲನ್ನು ನೆಟ್ಟಗೆ ನಿಲ್ಲಿಸಿದೆವು. ಭಾರವಿಲ್ಲದಾಗಿನ ಓದನ್ನು ಮೊದಲು ಬರೆದುಕೊಳ್ಳಬೇಕು, ಏಕೆಂದರೆ ಸ್ಕೇಲು ತನ್ನ ತೂಕಕ್ಕೇ ಸ್ವಲ್ಪ ಬಾಗಿರುತ್ತದೆ. ಆಮೇಲೆ 100 ಗ್ರಾಂ ತೂಗಿಸಿದಾಗ ತುದಿ 12.5 ಮಿ.ಮೀ. ಇಳಿಯಿತು.

ಈಗ ಹೊರಚಾಚಿದ ಉದ್ದವನ್ನು ಅರ್ಧ ಮಾಡಿದರೆ ಎಷ್ಟು ಇಳಿಯಬಹುದು ಎಂದು ಕೇಳಿದೆ. ಹೆಚ್ಚಿನವರು ಆರು ಎಂದರು. ಒಬ್ಬಳು ಮೂರು ಎಂದಳು. ಸೂಜಿ ನಿಂತದ್ದು ಒಂದೂವರೆ ಮಿ.ಮೀ. ಹತ್ತಿರ. ಉದ್ದದ ಘನ ಎಂದರೆ ಎರಡರ ಘನ, ಎಂಟು. ಹನ್ನೆರಡೂವರೆಯನ್ನು ಎಂಟರಿಂದ ಭಾಗಿಸಿ ನೋಡಿ. ಕಪ್ಪುಹಲಗೆಯ ಮೇಲೆ ಹತ್ತು ಸಲ ಬರೆದರೂ ಇಳಿಯದ ಘನ ಅವತ್ತು ಇಳಿಯಿತು.

ಸೂತ್ರ ಹೀಗಿದೆ: ಭಾರದ ಬಲವನ್ನು ಉದ್ದದ ಘನದಿಂದಲೂ ನಾಲ್ಕರಿಂದಲೂ ಗುಣಿಸಿ, ಅದನ್ನು ಅಗಲ, ದಪ್ಪದ ಘನ ಮತ್ತು ಇಳಿತ ಮೂರರ ಗುಣಲಬ್ಧದಿಂದ ಭಾಗಿಸಿದರೆ ಮಾಡ್ಯುಲಸ್. ನಮಗೆ ಬಂದದ್ದು 1.96 × 10¹¹. ಪಠ್ಯಪುಸ್ತಕದಲ್ಲಿರುವುದು ಎರಡೂ ತುದಿಗೆ ಆಧಾರವಿದ್ದು ನಡುವೆ ಭಾರ ತೂಗಿಸಿದ ಪಟ್ಟಿಯ ಸೂತ್ರ. ಅದರಲ್ಲಿ ನಾಲ್ಕು ಮೇಲಿಲ್ಲ, ಕೆಳಗಿದೆ. ಹೋಲಿಸಿ ನೋಡಿದರೆ, ಅದೇ ಪಟ್ಟಿ, ಅದೇ ಉದ್ದ, ಅದೇ ಭಾರಕ್ಕೆ ಕ್ಯಾಂಟಿಲಿವರ್ 16 ಪಟ್ಟು ಹೆಚ್ಚು ಇಳಿಯುತ್ತದೆ.

ಇಲ್ಲಿ ಎಚ್ಚರ ಬೇಕಾದದ್ದು ದಪ್ಪದ ಬಗ್ಗೆ. ಅದು ಘನದಲ್ಲಿ ಕೂತಿದೆ. ದಪ್ಪದ ಅಳತೆಯಲ್ಲಿ ನೂರಕ್ಕೆ 5 ವ್ಯತ್ಯಾಸ ಬಂದರೆ ಉತ್ತರದಲ್ಲಿ ನೂರಕ್ಕೆ 15 ಬರುತ್ತದೆ. ದಪ್ಪವನ್ನು ಸ್ಕೇಲಿನಿಂದ ಅಳೆಯಬೇಡಿ, ಸ್ಕ್ರೂ ಗೇಜ್ ತನ್ನಿ, ನಾಲ್ಕೈದು ಕಡೆ ಅಳೆಯಿರಿ ಎಂದು ನಾನು ಗದರುವುದು ಇದಕ್ಕೇ. ಇನ್ನೊಂದು, ಭಾರ ಏರಿಸುವಾಗಿನ ಓದನ್ನೂ ಇಳಿಸುವಾಗಿನ ಓದನ್ನೂ ಬರೆಯಬೇಕು. ಪೂರ್ತಿ ಇಳಿಸಿದ ಮೇಲೂ ಸೂಜಿ ಮೊದಲಿನ ಜಾಗಕ್ಕೆ ಬರದಿದ್ದರೆ ಒಂದೋ ಕ್ಲ್ಯಾಂಪ್ ಸಡಿಲವಾಗಿದೆ, ಇಲ್ಲವೇ ಪಟ್ಟಿ ಶಾಶ್ವತವಾಗಿ ಬಾಗಿದೆ. ಈ ಶಾಶ್ವತ ಬಾಗನ್ನು ಯಂಗ್ ಚೆನ್ನಾಗಿ ಗಮನಿಸಿದ್ದರು. ವಸ್ತು ತುಂಡಾಗುವ ಭಾರಕ್ಕಿಂತ, ಅದರ ಆಕಾರ ಮರಳದಂತೆ ಬದಲಾಗುವ ಭಾರವೇ ಕಟ್ಟುವವನಿಗೆ ಮುಖ್ಯವಾದ ಮಿತಿ ಎಂದು ಅವರು ಬರೆದರು. ಗೆಲಿಲಿಯೋ ಮುರಿತದ ಬಗ್ಗೆ ಕೇಳಿದ್ದಕ್ಕೂ ಯಂಗ್ ಹೇಳಿದ್ದಕ್ಕೂ ಇರುವ ದೂರ ಇಲ್ಲಿ ಕಾಣುತ್ತದೆ.

ಆಯ್ಲರ್ ಅವರ ವರ್ಗವೋ ನಿಜದ ಘನವೋ ಎಂದು ಪರೀಕ್ಷಿಸಲು ಒಬ್ಬ ಹುಡುಗ ಒಂದರ ಮೇಲೊಂದು ಎರಡು ಸ್ಕೇಲು ಇಟ್ಟ. ಬಾಗು ಎಂಟರಲ್ಲೊಂದಾಗಲಿಲ್ಲ, ನಾಲ್ಕರಲ್ಲೊಂದೂ ಆಗಲಿಲ್ಲ, ಬರೀ ಅರ್ಧವಾಯಿತು. ಕಾರಣ, ಎರಡು ಸ್ಕೇಲುಗಳು ಒಂದರ ಮೇಲೊಂದು ಜಾರುತ್ತವೆ. ಪ್ರತಿಯೊಂದೂ ತನ್ನಷ್ಟಕ್ಕೆ ಬಾಗುತ್ತದೆ. ಅಂಟಿಸಿ ಒಂದೇ ಮಾಡಿದ್ದರೆ ಎಂಟರಲ್ಲೊಂದು ಭಾಗವಾಗುತ್ತಿತ್ತು. ಲಾರಿಯ ಕಮಾನ್ ಪಟ್ಟಿಗಳನ್ನು ಬೆಸೆಯದೆ ಒಂದರ ಮೇಲೊಂದು ಪೇರಿಸಿಡುವುದರಲ್ಲಿ ಇದೇ ಗುಟ್ಟಿದೆ: ಭಾರ ಹೊರಬೇಕು, ಆದರೆ ಬಾಗಲೂ ಬೇಕು.

ಇಷ್ಟು ಸ್ಪಷ್ಟವಾಗಿ ಇವತ್ತು ನಾವು ಹೇಳುತ್ತೇವೆ. ಯಂಗ್ ಹೇಳಿದ್ದು ಹೀಗಿರಲಿಲ್ಲ. ಅವರು ಮಾಡ್ಯುಲಸ್ಸನ್ನು ಒಂದು ಕಂಬದ ಎತ್ತರವಾಗಿ ಕಲ್ಪಿಸಿದರು. ಅದೇ ವಸ್ತುವಿನ ಒಂದು ಕಂಬ. ಅದರ ತೂಕ ಬುಡದ ಮೇಲೆ ಒತ್ತುವ ಬಲಕ್ಕೂ, ತುಂಡೊಂದನ್ನು ಸ್ವಲ್ಪ ಕುಗ್ಗಿಸುವ ಬಲಕ್ಕೂ ಇರುವ ಅನುಪಾತವು, ತುಂಡಿನ ಉದ್ದಕ್ಕೂ ಅದು ಕುಗ್ಗಿದ ಉದ್ದಕ್ಕೂ ಇರುವ ಅನುಪಾತಕ್ಕೆ ಸಮ. ಒಮ್ಮೆ ಓದಿ ಅರ್ಥವಾಗದಿದ್ದರೆ ಬೇಸರಪಡಬೇಡಿ, 1807ರ ಎಂಜಿನಿಯರುಗಳಿಗೂ ಅರ್ಥವಾಗಲಿಲ್ಲ. ಉಕ್ಕಿಗೆ ಲೆಕ್ಕ ಹಾಕಿದರೆ ಈ ಕಂಬದ ಎತ್ತರ ಸುಮಾರು 2,600 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗಿರುವ ದೂರವನ್ನೂ ಮೀರಿದ್ದು. ಇದರಲ್ಲಿ ಒಂದು ಚೆಲುವಿದೆ, ಏಕೆಂದರೆ ಕಂಬ ದಪ್ಪವಿರಲಿ ತೆಳ್ಳಗಿರಲಿ ಎತ್ತರ ಒಂದೇ. ಆದರೆ ಎತ್ತರದ ಬದಲು ಅದರ ತೂಕವನ್ನು ಬಳಸಿದಾಗ ಪಟ್ಟಿಯ ಅಡ್ಡಕೊಯ್ತದ ಅಳತೆಯೂ ಒಳಗೆ ಸೇರಿಬಿಡುತ್ತದೆ. ವಸ್ತುವಿನ ಗುಣ ಯಾವುದು, ಪಟ್ಟಿಯ ಗಾತ್ರ ಯಾವುದು ಎಂದು ಬೇರೆ ಬೇರೆ ಮಾಡಿ, ಬಲವನ್ನು ಕ್ಷೇತ್ರಫಲದಿಂದ ಭಾಗಿಸಿ, ಇವತ್ತಿನ ರೂಪ ಕೊಟ್ಟವರು ಫ್ರಾನ್ಸಿನ ಎಂಜಿನಿಯರ್ ಕ್ಲಾಡ್ ಲೂಯಿ ನಾವಿಯೇ. 1826ರಲ್ಲಿ ಪ್ರಕಟವಾದ ಅವರ ಪಾಠಗಳಲ್ಲಿ ಬಾಗುವ ತೊಲೆಯ ಲೆಕ್ಕ ನಾವು ಕಲಿಸುವಂತೆಯೇ ಇದೆ. ಹೆಸರು ಮಾತ್ರ ಯಂಗ್ ಅವರದೇ ಉಳಿಯಿತು.

ಇದು ನ್ಯಾಯವೇ? ನನ್ನ ಸಹೋದ್ಯೋಗಿಗಳ ನಡುವೆ ಇದರ ಮೇಲೆ ಚಹಾ ಹೊತ್ತಿನಲ್ಲಿ ಒಮ್ಮೆ ಜೋರು ಚರ್ಚೆಯಾಗಿತ್ತು. ಗಣಿತದವರು ಆಯ್ಲರ್ ಪರ, ಒಬ್ಬರು ನಾವಿಯೇ ಪರ. ನನ್ನ ಅಭಿಪ್ರಾಯ ಇಷ್ಟು: ಸೂತ್ರ ಯಾರದೇ ಆಗಿರಲಿ, ಉಕ್ಕಿನ ಸಂಖ್ಯೆಯನ್ನು ಸರಿಯಾಗಿ ಹೇಳಿದವರ ಹೆಸರು ಅದರ ಮೇಲಿರುವುದು ಸರಿಯಾಗಿಯೇ ಇದೆ. ಆದರೆ ಅರ್ಥವಾಗುವಂತೆ ಬರೆದಿದ್ದರೆ ನಡುವಿನ ಹತ್ತೊಂಬತ್ತು ವರ್ಷ ಬೇಕಿರಲಿಲ್ಲ.

ಈ ಬರವಣಿಗೆಯ ತೊಡಕು ಅವರನ್ನು ಹಡಗಿನವರೆಗೂ ಹಿಂಬಾಲಿಸಿತು. ಆಗಿನ ಯುದ್ಧಹಡಗುಗಳು ಮರದವು. ಹಡಗಿನ ನಡುಭಾಗ ಅಗಲವಾದ್ದರಿಂದ ನೀರು ಅದನ್ನು ಹೆಚ್ಚು ಎತ್ತುತ್ತದೆ. ಎರಡು ತುದಿಗಳು ಕಿರಿದು, ಅಲ್ಲಿ ಎತ್ತುವ ಬಲ ಕಡಿಮೆ, ಭಾರ ಮಾತ್ರ ಇದ್ದೇ ಇದೆ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಕ್ಯಾಂಟಿಲಿವರ್‌ಗಳಂತೆ ತುದಿಗಳು ವರ್ಷ ಕಳೆದಂತೆ ಜೋತುಬೀಳುತ್ತಿದ್ದವು. ಇದನ್ನು ತಡೆಯಲು ಹಡಗು ನಿರ್ಮಾಣಗಾರ ರಾಬರ್ಟ್ ಸೆಪ್ಪಿಂಗ್ಸ್ ಒಳಗೆ ಓರೆಯಾಗಿ ತೊಲೆಗಳನ್ನು ಕಟ್ಟುವ ಕ್ರಮ ತಂದರು. ನೌಕಾಡಳಿತ ಯಂಗ್ ಅವರ ಅಭಿಪ್ರಾಯ ಕೇಳಿತು. ಅಲೆ ಎಲ್ಲಿದ್ದಾಗ, ತೋಪುಗಳು ಎಲ್ಲಿದ್ದಾಗ ಹಡಗಿನ ಯಾವ ಭಾಗಕ್ಕೆ ಎಷ್ಟು ಬಾಗಿಸುವ ಒತ್ತಡ ಬೀಳುತ್ತದೆ ಎಂದು ಅವರು ಹಡಗನ್ನು ಒಂದು ತೊಲೆಯಂತೆ ಲೆಕ್ಕ ಹಾಕಿದರು. 1814ರಲ್ಲಿ ಆ ಪ್ರಬಂಧ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ವಿಜ್ಞಾನದ ಮೇಲೆ ತಮಗೆ ಗೌರವವಿದೆ, ಆದರೆ ಬರಹ ಅತಿ ಪಾಂಡಿತ್ಯದ್ದಾಗಿ ತಮಗೆ ತಿಳಿಯಲಿಲ್ಲ ಎಂಬರ್ಥದ ಉತ್ತರ ನೌಕಾಡಳಿತದಿಂದ ಅವರಿಗೆ ಬಂತೆಂಬ ಕತೆಯನ್ನು ಎಂಜಿನಿಯರುಗಳು ಇಂದಿಗೂ ಹೇಳಿಕೊಳ್ಳುತ್ತಾರೆ.

ಬೆಳಕಿನ ವಿಷಯದಲ್ಲಿ ಅವರಿಗಾದದ್ದು ಇನ್ನೂ ಕಹಿ. ಬೆಳಕು ಅಲೆ ಎಂಬ ವಾದವನ್ನು ಎಡಿನ್‌ಬರೋದ ವಿಮರ್ಶಾ ಪತ್ರಿಕೆಯಲ್ಲಿ ಹೆನ್ರಿ ಬ್ರೂಮ್ ಎಂಬವರು ಹೀನಾಯವಾಗಿ ಗೇಲಿ ಮಾಡಿದರು. ಯಂಗ್ 1804ರಲ್ಲಿ ಉತ್ತರವಾಗಿ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿದರು. ಮಾರಾಟವಾದದ್ದು ಒಂದೇ ಪ್ರತಿ. ರೋಗಿಗಳು ಇವರು ವೈದ್ಯರಲ್ಲ ಎಂದುಕೊಂಡಾರು ಎಂಬ ಭಯದಿಂದ ಮುಂದೆ ಎಷ್ಟೋ ವೈಜ್ಞಾನಿಕ ಬರಹಗಳಿಗೆ ಹೆಸರನ್ನೇ ಹಾಕಲಿಲ್ಲ. 1804ರಲ್ಲಿ ಎಲೈಜಾ ಮ್ಯಾಕ್ಸ್‌ವೆಲ್ ಅವರನ್ನು ಮದುವೆಯಾದರು; ಮಕ್ಕಳಿರಲಿಲ್ಲ. 1811ರಿಂದ ಕೊನೆಯವರೆಗೂ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ವೈದ್ಯರಾಗಿದ್ದರು.

1814ರಿಂದ ಈಜಿಪ್ಟಿನ ರೊಸೆಟ್ಟಾ ಕಲ್ಲಿನ ಬರಹ ಅವರನ್ನು ಹಿಡಿದುಕೊಂಡಿತು. ಚಿತ್ರಲಿಪಿಯಲ್ಲಿ ಉಂಗುರದೊಳಗೆ ಬರೆದದ್ದು ಟಾಲೆಮಿ ದೊರೆಯ ಹೆಸರು ಎಂದು ಅವರು ಬಿಡಿಸಿದರು. ಪೂರ್ತಿ ಲಿಪಿಯನ್ನು ಬಿಡಿಸಿದ ಕೀರ್ತಿ ಫ್ರಾನ್ಸಿನ ಶಾಂಪೋಲಿಯೋನ್ ಅವರಿಗೆ ಸಂದಿತು. ಆ ಕತೆ ದೊಡ್ಡದು, ಇತಿಹಾಸ ವಿಭಾಗದವರು ಬರೆಯಲಿ.

ಕೊನೆಯ ದಿನಗಳಲ್ಲಿ ಅವರು ಈಜಿಪ್ಟಿನ ಭಾಷೆಯ ನಿಘಂಟಿನ ಕೆಲಸದಲ್ಲಿದ್ದರು. ಪೆನ್ನು ಹಿಡಿಯಲು ಬಲವಿಲ್ಲದೆ ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. 1829ರ ಮೇ 10ರಂದು, 55ನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡರು. ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ ಗಡಸುಗಟ್ಟಿತ್ತು ಎಂದು ಶವಪರೀಕ್ಷೆಯಲ್ಲಿ ಕಂಡುಬಂತು. ರಕ್ತ ಹರಿಯುವಾಗ ರಕ್ತನಾಳದ ಗೋಡೆ ಹೇಗೆ ಹಿಗ್ಗಿ ಕುಗ್ಗುತ್ತದೆ ಎಂದೂ ಒಮ್ಮೆ ಲೆಕ್ಕ ಹಾಕಿದ್ದವರು ಅವರು.

ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ನೆನಪಿಗೆ ಒಂದು ಫಲಕವಿದೆ. ಅದರ ಬರಹವನ್ನು ರಚಿಸಿದವರು ಬಾಲ್ಯದಲ್ಲಿ ಜೊತೆಗೆ ಓದಿದ ಗೆಳೆಯ ಹಡ್ಸನ್ ಗರ್ನಿ. ಬೆಳಕಿನ ಅಲೆಗಳ ಹೆಸರು ಅದರಲ್ಲಿದೆ, ಈಜಿಪ್ಟಿನ ಲಿಪಿಯೂ ಇದೆ. ಉಕ್ಕಿನ ಪಟ್ಟಿಯ ಮಾತು ಅದರಲ್ಲಿ ಇಲ್ಲ.